ಗಾಜಿನ ಮೇಲೆ ಉಳಿದ ಹನ್ನೊಂದನೆಯ ಹಾಳೆ

ಮಲಾಂಗ್
ಗುರುವಾರ, ಮಧ್ಯಾಹ್ನ

ದಾನಂಗ್ ಅವರಿಗೆ,

ಹೆಸರಿಗೆ 'ಮಸ್' ಸೇರಿಸಲಿಲ್ಲ, ಗಮನಿಸಿರುತ್ತೀರಿ. ಮೂರು ವರ್ಷ ಅಂಗಡಿಯ ಕಟ್ಟೆಯ ಈಚೆ ನಿಂತು ನಿಮ್ಮನ್ನು ಮಸ್ ದಾನಂಗ್ ಎಂದೇ ಕರೆದೆ. ಅಣ್ಣನನ್ನು ಕರೆಯುವ ಮಾತು ಅದು. ಇವತ್ತು ಬರೆಯಹೋದರೆ ಪೆನ್ನು ಮುಂದೆ ಹೋಗಲಿಲ್ಲ.

ಕುಶಲವನ್ನೂ ಕೇಳುವುದಿಲ್ಲ. ನೀವು ಕುಶಲವಾಗಿದ್ದೀರೆಂದು ಕಾಲೇಜಿನ ಗೇಟಿನ ಎದುರು ಕಟ್ಟಿರುವ ದೊಡ್ಡ ಫಲಕವೇ ಹೇಳುತ್ತಿದೆ. ಹನ್ನೆರಡು ಪುಸ್ತಕಗಳ ರಾಶಿಗೆ ಮೊಣಕೈ ಊರಿ ನಗುತ್ತಿದ್ದೀರಿ. ಕೆಳಗೆ, 'ಸ್ವಂತ ಕಂಪನಿ ಕಟ್ಟುವವರು ಓದಲೇಬೇಕಾದ ಹನ್ನೆರಡು ಪುಸ್ತಕಗಳು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ದಾನಂಗ್ ಅವರ ಬಾಯಿಂದಲೇ ಕೇಳಿ' ಎಂದಿದೆ. ಆ ರಾಶಿಯ ಪುಸ್ತಕಗಳೆಲ್ಲ ಹೊಸವು, ಫೋಟೋಗಾಗಿ ತಂದವು. ಒಂದರ ಬೆನ್ನೂ ಮುರಿದಿಲ್ಲ. ನೀವು ನಿಜವಾಗಿ ಇಟ್ಟುಕೊಂಡಿದ್ದ ಹನ್ನೆರಡರ ಬೆನ್ನು ನನಗೆ ಗೊತ್ತು. ಅವಕ್ಕೆ ನೀಲಿ ಟೇಪು ಹಚ್ಚಿದವಳು ನಾನು.

ಮೊನ್ನೆ ಸೋಮವಾರ ನೀವು ಕೊಟ್ಟುಹೋದ ಒಪ್ಪಂದವನ್ನು ಮೂರು ಸಲ ಓದಿದೆ. 'ಸದರಿ ಹತ್ತು ಪುಟಗಳನ್ನು ದಾನಂಗ್ ಅವರು ಹೇಳಿ ಬರೆಸಿದಂತೆ ನಾನು ಟೈಪು ಮಾಡಿರುತ್ತೇನೆ. ಅವುಗಳ ರಚನೆಯಲ್ಲಿ ನನ್ನ ಯಾವ ಪಾಲೂ ಇರುವುದಿಲ್ಲ.' ನಾಳೆ ಸಂಜೆಯೊಳಗೆ ಇದಕ್ಕೆ ನನ್ನ ಸಹಿ ಬೀಳಬೇಕು. ಬಿದ್ದರೆ ಭಾನುವಾರ ವೇದಿಕೆಯಲ್ಲಿ ನಿಮ್ಮ ಸ್ವಂತ ಪುಸ್ತಕವನ್ನು ಘೋಷಿಸುತ್ತೀರಿ, ಮರುದಿನ ಅದು ಅಚ್ಚಿಗೆ ಹೋಗುತ್ತದೆ, ಅದರ ನಡುವೆ ಆ ಹತ್ತು ಪುಟಗಳು ನಿಮ್ಮ ಹೆಸರಿನಲ್ಲಿ ಕೂರುತ್ತವೆ. ಸಹಿಯ ಜಾಗದಲ್ಲಿ ಮುದ್ರಾಂಕದ ಚೀಟಿಯನ್ನೂ ನೀವೇ ಅಂಟಿಸಿ ತಂದಿದ್ದಿರಿ, ನನಗೆ ತೊಂದರೆಯಾಗಬಾರದೆಂದು.

ಈ ಪತ್ರ ಅದಕ್ಕೆ ಉತ್ತರ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಅದನ್ನು ನಂಬಿಕೊಂಡೇ ನೀವು ಒಪ್ಪಂದ ಬಿಟ್ಟುಹೋದಿರಿ. ಬರೆಯುವಾಗ ನನಗೆ ಹೆದರಿಕೆಯಾಗುವುದಿಲ್ಲ ಎಂಬುದು ಮಾತ್ರ ನಿಮ್ಮ ಲೆಕ್ಕದಲ್ಲಿ ಇರಲಿಲ್ಲ.

ಮೊದಲ ಸಲ ಬಂದ ದಿನ ನಿಮಗೆ ನೆನಪಿರಲಾರದು. ಗ್ರಂಥಾಲಯದಿಂದ, ಗೆಳೆಯರಿಂದ ತಂದ ಹನ್ನೆರಡು ಪುಸ್ತಕಗಳನ್ನು ಕಟ್ಟೆಯ ಮೇಲೆ ಸುರಿದು, "ಎಲ್ಲಾದ್ರದ್ದೂ ಒಂದೊಂದು ಜೆರಾಕ್ಸ್, ಬೈಂಡ್ ಮಾಡಿ ಶುಕ್ರವಾರ ಸಂಜೆಗೆ ಬೇಕು" ಎಂದಿರಿ. ನಮ್ಮ ಮಾಲೀಕರು, ಎಲ್ಲರೂ ಅಪ್ಪನನ್ನು ಕರೆದಂತೆ ಪಾಕ್ ಎಂದು ಕರೆಯುವ ಕಸ್ಮಿನ್, ನನ್ನ ಕಡೆ ತೋರಿಸಿದರು. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿ ಜೋಡ್ಸೋದಾ? ನೋಡಮ್ಮ, ಓದಕ್ಕೆಲ್ಲ ಹೋಗ್ಬೇಡ, ಸುಮ್ನೆ ತಲೆ ಕೆಡತ್ತೆ. ಕೆಳಗಡೆ ಅಂಕಿ ಇರತ್ತಲ್ಲ, ಅದನ್ನ ನೋಡ್ಕೊಂಡು ಜೋಡ್ಸು, ಸಾಕು" ಎಂದಿರಿ.

ಪಾಕ್ ಕಸ್ಮಿನ್ ನಕ್ಕರು. "ಅಯ್ಯೋ ಮಸ್, ಅವ್ಳು ಬರೀ ಅಂಕಿ ನೋಡೋಳಾಗಿದ್ರೆ ನನ್ನ ಅಂಗ್ಡೀಲಿ ಎರಡರಷ್ಟು ಕೆಲ್ಸ ಆಗ್ತಿತ್ತು."

ಅವರು ಹೇಳಿದ್ದು ನಿಜ. ನನ್ನ ಶಾಲೆ ಆರನೆಯ ತರಗತಿಗೆ ಮುಗಿಯಿತು. ಆಮೇಲೆ ಓದಿದ್ದೆಲ್ಲ ಈ ಮೇಜಿನ ಮೇಲೆ, ಎಡಗೈಯಲ್ಲಿ ಹಾಳೆ ತಟ್ಟಿ ಸಮ ಮಾಡುತ್ತ ಓದಿದ್ದು. ಕಾಲೇಜಿನವರ ಪ್ರಬಂಧಗಳು, ಹಸುವಿನ ರೋಗದ ಪುಸ್ತಕ, ಸೇತುವೆ ಕಟ್ಟುವ ಪುಸ್ತಕ, ಏನು ಬಂದರೂ ಓದಿದೆ. ನಿಮ್ಮ ಹನ್ನೆರಡನ್ನೂ ಓದಿದೆ. ನೀವು ಅವುಗಳಲ್ಲಿ ಎಷ್ಟು ಓದಿದ್ದೀರಿ ಎಂಬುದನ್ನು ನಾನು ಹೇಳಬಲ್ಲೆ. ಹೆಚ್ಚಿನ ಪ್ರತಿ ಬೇಕೆಂದು ನೀವು ಅವನ್ನು ಒಂದೊಂದಾಗಿ ಮರಳಿ ತಂದಾಗ, ಒಂಬತ್ತು ಪುಸ್ತಕಗಳಲ್ಲಿ ಇಪ್ಪತ್ತನೆಯ ಪುಟದಾಚೆ ಹಾಳೆಗಳು ಇನ್ನೂ ಅಂಚಿನಲ್ಲಿ ಅಂಟಿಕೊಂಡಿದ್ದವು. ಬೈಂಡಿನ ಅಂಟು ಸ್ವಲ್ಪ ಒಸರಿದಾಗ ಹಾಗಾಗುತ್ತದೆ. ಓದುವವರು ಬೆರಳಲ್ಲಿ ಬಿಡಿಸಿಕೊಳ್ಳುತ್ತಾರೆ.

ನಿಮ್ಮ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ. ನೀವು ಮೊದಲನೆಯದಾಗಿ ಇಡುವ ಪುಸ್ತಕ, ಬೇಗ ಬೇಗ ಸೋಲಿರಿ, ಸೋತಷ್ಟೂ ಕಲಿಯುತ್ತೀರಿ ಎನ್ನುತ್ತದೆ. ಬರೆದವನು ನಾಲ್ಕು ಸಲ ಸೋತನಂತೆ. ನಾಲ್ಕು ಸಲವೂ ಯಾರ ಮನೆಯಲ್ಲಿ ಉಂಡು ಮಲಗಿದ ಎಂಬುದನ್ನು ಮಾತ್ರ ಬರೆದಿಲ್ಲ. ಐದನೆಯ ಪುಸ್ತಕ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕೆಂದು ಹೇಳಲು ಇನ್ನೂರ ಅರವತ್ತು ಪುಟ ತೆಗೆದುಕೊಂಡಿದೆ. ನನ್ನ ಅಮ್ಮ ಮೂರಕ್ಕೆ ಏಳುತ್ತಾಳೆ, ಅವಳಿಗೆ ಓದಲು ಬರುವುದಿಲ್ಲ. ಎಂಟನೆಯದು ಗಿರಾಕಿಯ ಮಾತಿಗೆ ಕಿವಿಗೊಡಿ ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಆ ಪುಸ್ತಕದಲ್ಲಿ ಒಬ್ಬ ಗಿರಾಕಿಯೂ ಬಾಯಿ ಬಿಟ್ಟು ಮಾತಾಡುವುದಿಲ್ಲ, ಎಲ್ಲರ ಪರವಾಗಿ ಲೇಖಕನೇ ಮಾತಾಡಿ ಮುಗಿಸುತ್ತಾನೆ.

ನನಗೆ ಇಷ್ಟವಾದ ಒಂದು ಪುಸ್ತಕ ನಿಮ್ಮ ಪಟ್ಟಿಯಲ್ಲಿಲ್ಲ. ತೆಳ್ಳಗಿನದು, ಯಾವುದೋ ಊರಿನ ಒಬ್ಬ ವಿಧವೆ ಬರೆದದ್ದು. ಹನ್ನೊಂದು ವರ್ಷ ಬ್ರೆಡ್ಡಿನ ಅಂಗಡಿ ನಡೆಸಿ ಕೊನೆಗೆ ಮುಚ್ಚಿದಳಂತೆ. ಯಾರು ಸಹಾಯ ಮಾಡಿದರು, ಯಾವ ದಿನ ಯಾರ ಮೇಲೆ ವಿನಾಕಾರಣ ರೇಗಿದಳು, ಎಲ್ಲ ಹೆಸರು ಹಿಡಿದು ಬರೆದಿದ್ದಾಳೆ. ಅಂಗಡಿ ಹಾಕಬೇಕೆಂದಿರುವ ಹುಡುಗ ಹುಡುಗಿಯರು ಬಂದು, "ಅಕ್ಕಾ, ಯಾವುದ್ ಓದ್ಲಿ" ಎಂದರೆ ಅದನ್ನು ಕೊಡುತ್ತೇನೆ. ಗೆದ್ದ ಕತೆ ಇಲ್ಲವಲ್ಲ ಎಂದು ಹೆಚ್ಚಿನವರು ವಾಪಸು ಇಡುತ್ತಾರೆ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ನಾನು ಮೇಜಿನ ಮೇಲೆ ಬರೆಯುತ್ತಿದ್ದೆ ಎಂಬುದು ಪಾಕ್ ಕಸ್ಮಿನ್ ಅವರಿಗೂ ಗೊತ್ತಿರಲಿಲ್ಲ. ಕೆಟ್ಟ ಜೆರಾಕ್ಸಿನ ಹಾಳೆಗಳ ಹಿಂಬದಿ ಖಾಲಿ ಇರುತ್ತದೆ. ನಮ್ಮಲ್ಲಿ ಅದನ್ನು ಎಸೆಯುವುದಿಲ್ಲ, ಚೀಟಿ ಬರೆಯಲು ಕಟ್ಟಿ ಇಡುತ್ತೇವೆ. ನಾನು ಅದರ ಮೇಲೆ ಅಮ್ಮನ ಬಗ್ಗೆ ಬರೆದಿದ್ದೆ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಅದರಲ್ಲಿ ಬೇರು ಸೊಪ್ಪು ಅರೆದು ಮಾಡಿದ ಕಷಾಯ, ಎಂಟು ಬಾಟಲಿ ಜಾಮು ಹೊತ್ತು, ಕೈಯಲ್ಲಿ ಲೋಟ ತೊಳೆಯುವ ಪುಟ್ಟ ಬಕೆಟ್ಟು ಹಿಡಿದು, ನದಿಯಂಚಿನ ಓಣಿಗಳಲ್ಲಿ ಮನೆ ಮನೆಗೆ ಹೋಗುವ ಹೆಂಗಸು. ಬಾಗಿಲು ತೆರೆದವರ ಮುಖ ನೋಡಿಯೇ ಯಾವ ಬಾಟಲಿ ಎಂದು ನಿರ್ಧರಿಸುತ್ತಾಳೆ. ಒಬ್ಬರಿಗೆ ಅರಿಶಿನ ಹುಣಸೆಯದು, ಒಬ್ಬರಿಗೆ ನೆಲಬೇವಿನ ಕಹಿ. ಕಹಿ ಕುಡಿದವರಿಗೆ ಕೊನೆಯಲ್ಲಿ ಅರ್ಧ ಲೋಟ ಸಿಹಿ ಕೊಡುತ್ತಾಳೆ. ಅಕ್ಕಿ, ಕಚೋರ ಅರೆದು ತಾಳೆಬೆಲ್ಲ ಕದಡಿದ್ದು. ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಅವರು ಅದನ್ನು ಕುಡಿದು ಮುಗಿಸುವವರೆಗೆ ಬಾಗಿಲು ಬಿಟ್ಟು ಕದಲುವುದಿಲ್ಲ. ಬಿಸಿಲೇರಲಿ, ಮುಂದಿನ ಮನೆಯವರು ಕೂಗಲಿ, ನಿಂತೇ ಇರುತ್ತಾಳೆ.

ಅವಳ ಹೆಸರನ್ನು ನಾನು ಬರೆದಿರಲಿಲ್ಲ. 'ಒಬ್ಬ ಹೆಂಗಸು' ಎಂದೇ ಬರೆದಿದ್ದೆ. ಅದು ಸಂಕೋಚಕ್ಕೆ.

ಶುಕ್ರವಾರ ಮಧ್ಯಾಹ್ನ ಪಾಕ್ ಕಸ್ಮಿನ್ ಮಸೀದಿಗೆ ಹೋದರು. ಟೈಪು ಮಾಡಿಟ್ಟಿದ್ದ ನನ್ನ ಹನ್ನೊಂದು ಹಾಳೆಗಳನ್ನು ಪುಸ್ತಕದ ಅಳತೆಗೆ ಇಳಿಸಿ ನೋಡುವ ಆಸೆಯಾಯಿತು. ದೊಡ್ಡ ಹಾಳೆಯಲ್ಲಿ ಇದ್ದರೆ ಅರ್ಜಿಯ ಹಾಗೆ ಕಾಣುತ್ತದೆ, ಪುಸ್ತಕದ ಅಳತೆಗೆ ಬಂದರೆ ಪುಸ್ತಕವೇ. ಒಂದೊಂದಾಗಿ ಗಾಜಿನ ಮೇಲಿಟ್ಟು ಇಳಿಸಿದೆ. ಹತ್ತು ಆಯಿತು. ಹನ್ನೊಂದನೆಯದನ್ನು ಗಾಜಿನ ಮೇಲೆ ಮಲಗಿಸಿ ಮುಚ್ಚಳ ಹಾಕುವಷ್ಟರಲ್ಲಿ ಬೈಕಿನಲ್ಲಿ ಯಾರೋ ಬಂದು ಗುರುತಿನ ಚೀಟಿಯ ಪ್ರತಿಗೆ ಅವಸರ ಮಾಡಿದರು. ಕೈಯಲ್ಲಿದ್ದ ಹತ್ತು ಪುಟಗಳನ್ನು ಹತ್ತಿರದ ರಾಶಿಯ ಮೇಲೆ ಬೋರಲು ಹಾಕಿ, ಪಕ್ಕದ ಯಂತ್ರದತ್ತ ಓಡಿದೆ. ಆ ರಾಶಿ ನಿಮ್ಮ ಎಂಟನೆಯ ಪುಸ್ತಕದ ಮೊದಲರ್ಧ. ನಾನು ಗಿರಾಕಿಯನ್ನು ಕಳಿಸಿ ಕೈ ತೊಳೆದು ಬರುವಷ್ಟರಲ್ಲಿ ಪಾಕ್ ಕಸ್ಮಿನ್ ಬಂದು ಎರಡು ಅರ್ಧಗಳನ್ನೂ ಸೇರಿಸಿ ಅಂಟು ಬಳಿದಿದ್ದರು.

ಜೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ ಇಬ್ಬರಾದರೂ ಮೂಲ ಹಾಳೆಯನ್ನು ಗಾಜಿನ ಮೇಲೇ ಮರೆತು ಹೋಗುತ್ತಾರೆ. ಜನನ ಪತ್ರ, ಮದುವೆ ಪತ್ರ ಮರೆತವರಿದ್ದಾರೆ. ಅಂಥವರನ್ನು ಕೂಗಿ ಕರೆದು ಕೊಡುವುದು ನನ್ನ ಕೆಲಸ. ಅವತ್ತು ಮರೆತವಳು ನಾನೇ. ಸಂಜೆ ಮುಚ್ಚಳ ಎತ್ತಿದರೆ ಹನ್ನೊಂದನೆಯ ಹಾಳೆ ಬೆಚ್ಚಗೆ ಮಲಗಿತ್ತು. ಹತ್ತು ನಿಮ್ಮ ಪುಸ್ತಕದೊಳಗೆ ಹೋಗಿದ್ದವು. ನೀವು ಬಂದು ಒಯ್ದೂ ಆಗಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಡೀ ಮೂರು ವಾರ ನೀವು ಬಂದು ಬೈಯುತ್ತೀರೆಂದು ಕಾದೆ. ನೀವು ಬಂದಿರಿ. ಆ ಪುಸ್ತಕವನ್ನು ಕಟ್ಟೆಯ ಮೇಲೆ ಬಡಿದು, "ಪಾಕ್, ಇದ್ರದ್ದು ಇನ್ನೂ ಮೂವತ್ತು ಪ್ರತಿ ಬೇಕು, ನಮ್ಮ ಕಂಪನಿ ಹುಡುಗ್ರಿಗೆಲ್ಲ ಹಂಚ್ಬೇಕು. ನಡುವೆ ಒಂದು ಅಧ್ಯಾಯ ಇದೆ ನೋಡಿ, ಜಾಮು ಮಾರೋಳ್ದು. ಬಾಕಿ ಎಲ್ಲ ಹೊಟ್ಟು. ಅದೊಂದೇ ಕಾಳು" ಎಂದಿರಿ. ನಾನು ಟೇಪು ಕತ್ತರಿಸುತ್ತಿದ್ದೆ. ಕತ್ತರಿ ಬೆರಳಿಗೆ ತಾಗಿತು. ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ನಿಂತು ಒಬ್ಬಳೇ ನಕ್ಕೆ. ನನ್ನ ಬರವಣಿಗೆಯನ್ನು ಯಾರೋ ಓದಿ ಮುಗಿಸಿದ್ದರು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ, ಆ ಸಂತೋಷಕ್ಕಾಗಿ ನನ್ನ ಮೇಲೇ ಇರುವ ಸಿಟ್ಟು.

ಆ ಹತ್ತು ಪುಟಗಳಿಗೆ ಕೆಳಗೆ ಅಂಕಿ ಇರಲಿಲ್ಲ. ಅಂಕಿ ನೋಡಿಕೊಂಡು ಜೋಡಿಸು ಎಂದಿದ್ದವರು ನೀವು. ದೂರದೇಶದಲ್ಲಿ ಕೂತು ಪುಸ್ತಕ ಬರೆದವನಿಗೆ ನಮ್ಮ ಓಣಿಯ ನೆಲಬೇವು, ನಮ್ಮ ನದಿಯ ಮೆಟ್ಟಿಲು, ಬಾಗಿಲಲ್ಲಿ ಕೂತು ಹೇನು ನೋಡಿಸಿಕೊಳ್ಳುವ ಹೆಂಗಸರು ಹೇಗೆ ಗೊತ್ತಾದರು ಎಂದು ನಿಮಗೆ ಒಮ್ಮೆಯೂ ಅನ್ನಿಸಲಿಲ್ಲ. ಒಳ್ಳೆಯದು ಏನಿದ್ದರೂ ಹೊರಗಿನವನದೇ ಎಂದು ಒಪ್ಪಿಕೊಂಡಿರಿ. ಅದೇ ಹೆಂಗಸು ನಿಮ್ಮ ಹಾಸ್ಟೆಲಿನ ಹಿಂದಿನ ಓಣಿಯಲ್ಲಿ ದಿನವೂ ಏಳು ಗಂಟೆಗೆ ಹಾದು ಹೋಗುತ್ತಿದ್ದಳು. ಅವಳ ಬುಟ್ಟಿ ನಿಮ್ಮ ಬೈಕಿಗೆ ತಾಗಿತೆಂದು ನೀವು ಒಂದು ದಿನ ಜೋರಾಗಿ ಹಾರನ್ ಬಾರಿಸಿದ್ದಿರಿ. ಅಮ್ಮನೇ ನಗುತ್ತ ಹೇಳಿದಳು: "ಬಿಳೀ ಶೂ ಹುಡ್ಗ ಕಣೆ, ನಿಮ್ಮ ಅಂಗ್ಡಿಗೆ ಬರ್ತಾನಲ್ಲ. ಹೊಟ್ಟೆ ಸರಿ ಇಲ್ಲ ಅವ್ನಿಗೆ. ಮುಖ ನೋಡಿದ್ರೆ ಗೊತ್ತಾಗತ್ತೆ."

ಆಮೇಲೆ ನಿಮ್ಮ 'ಕೊನೆಯ ಗುಟುಕಿನ ಸೂತ್ರ' ಬಂತು. ಹಾಸ್ಟೆಲಿನ ಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಊಟದ ಡಬ್ಬಿ ತಲುಪಿಸುವ ಕಂಪನಿ ನಿಮ್ಮದು. ಸಾಕು, ಇನ್ನು ಬೇಡ ಎಂದು ಮೊಬೈಲಿನಲ್ಲಿ ಒತ್ತಿದವರಿಗೆ ಕೂಡಲೇ ಒಂದು ವಾರದ ಪುಕ್ಕಟೆ ಊಟ ಬರುತ್ತದೆ, ಜೊತೆಗೆ ಒಂದು ಸಿಹಿ. ಅದನ್ನು ತಿಂದವರು ಮತ್ತೆ ಮೂರು ತಿಂಗಳಿಗೆ ಸೇರಿಹೋಗುತ್ತಾರೆ, ನೀವು ಅವರನ್ನು ಕೇಳುವುದೂ ಇಲ್ಲ, ಅವರಿಗೆ ಹೇಳುವುದೂ ಇಲ್ಲ. ಅಂಗಡಿಗೆ ಬರುವ ಒಂದು ಹುಡುಗಿ, ರತಿಹ್ ಎಂದು, ಮೂರು ಸಲ ಬಿಡಲು ನೋಡಿ ಮೂರು ಸಲವೂ ಸಿಕ್ಕಿಬಿದ್ದಳು. "ಅಕ್ಕಾ, ಆ ಸಿಹಿ ಬಂದ್ರೆ ಈಗ ಮುಚ್ಚಳಾನೇ ತೆಗೆಯಲ್ಲ" ಎಂದಳು. ನೀವು ವೇದಿಕೆಯ ಮೇಲೆ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ ವೀಡಿಯೊವನ್ನು ಅವಳೇ ನನಗೆ ತೋರಿಸಿದಳು. "ಕಹಿ ಆದ್ಮೇಲೆ ಸಿಹಿ ಕೊಡಿ, ಗಿರಾಕಿ ಎಲ್ಲೂ ಹೋಗಲ್ಲ" ಎನ್ನುತ್ತಿದ್ದಿರಿ. ಹತ್ತು ಪುಟ ಓದಿದ ಮನುಷ್ಯನ ಮಾತು ಅದು. ಹತ್ತನೆಯ ಪುಟ ಒಂದು ಪೂರ್ತಿ ವಾಕ್ಯಕ್ಕೆ ಮುಗಿದಿತ್ತು. ಹಾಗಾಗಿ ಮುಂದೆ ಇನ್ನೂ ಏನೋ ಇರಬಹುದೆಂದು ನಿಮಗೆ ಹೊಳೆಯಲಿಲ್ಲ.

ನಿಮ್ಮ ಮಾತು ನಂಬಿದ ಹುಡುಗರು ಅಸಲಿ ಪುಸ್ತಕ ಕೊಂಡರು. ಅದರಲ್ಲಿ ಜಾಮು ಮಾರುವ ಹೆಂಗಸು ಇಲ್ಲ. ಮೊದಲು ಒಬ್ಬ ಕೇಳಿದ, ಆಮೇಲೆ ನೂರು ಜನ. ನೀವು ಒಂದು ವಾರದ ಮೇಲೆ ನಗುತ್ತ ಹೊಸ ವೀಡಿಯೊ ಹಾಕಿದಿರಿ. ಆ ಅಧ್ಯಾಯ ಬರೆದವನು ನಾನೇ, ನಿಮ್ಮಲ್ಲಿ ಯಾರು ಅಸಲಿ ಓದುಗರು ಎಂದು ಪರೀಕ್ಷಿಸಲು ಗುಟ್ಟಾಗಿ ಸೇರಿಸಿದ್ದೆ ಎಂದಿರಿ. ಅದಕ್ಕೂ ಚಪ್ಪಾಳೆ ಬಿತ್ತು. ನಿಮ್ಮ ಸ್ವಂತ ಪುಸ್ತಕದ ಪ್ರಕಾಶಕರು ಮಾತ್ರ ಚಪ್ಪಾಳೆ ತಟ್ಟದೆ, ಅದು ನಿಮ್ಮದೇ ಎಂಬುದಕ್ಕೆ ಕಾಗದ ಕೇಳಿದರು. ಅದಕ್ಕೇ ಸೋಮವಾರ ನೀವು ನಮ್ಮ ಅಂಗಡಿಗೆ ಬಂದದ್ದು.

ಪಾಕ್ ಕಸ್ಮಿನ್ ನನ್ನನ್ನು ಕರೆದು, "ಏನೇ ಜುಮಿ, ಇವ್ರ ಪುಸ್ತಕದಲ್ಲಿ ಯಾವ್ದೋ ಪುಟ ಸೇರ್ಕೊಂಡಿದ್ಯಂತೆ, ಗೊತ್ತೇನೇ ನಿಂಗೆ" ಎಂದರು. ಮೂರು ವರ್ಷದಿಂದ ಗಂಟಲಲ್ಲಿದ್ದದ್ದು ಹೊರಗೆ ಬಂತು. "ಅವು ನನ್ನವು" ಎಂದೆ. ನಿಮ್ಮ ಕಡೆ ನೋಡದೆ, ಅಂಟಿನ ಡಬ್ಬಿಯ ಕಡೆ ನೋಡಿ ಹೇಳಿದೆ. ಚೆನ್ನಾಗಿ ಬರೆದಿದ್ದೀಯ ಎನ್ನುತ್ತೀರೇನೋ ಎಂದು ಆ ಕ್ಷಣದಲ್ಲೂ ಕಾದೆ. ನೀವು ಕೇಳಿದ್ದು, "ಬೇರೆ ಯಾರಿಗೆ ಗೊತ್ತು ಇದು?"

ಯಾರಿಗೂ ಗೊತ್ತಿಲ್ಲ ಎಂದು ತಿಳಿದ ಮೇಲೆ ನಿಮ್ಮ ದನಿ ಮೆತ್ತಗಾಯಿತು. ಸ್ಟೂಲು ಎಳೆದುಕೊಂಡು ಕೂತಿರಿ. ಪಕ್ಕದ ಅಂಗಡಿಯಿಂದ ನನಗೂ ಚಹಾ ತರಿಸಿದಿರಿ. "ನೋಡು ಜುಮಿ, ನಿನ್ನ ಹೆಸರಲ್ಲಿ ಬಂದ್ರೆ ಯಾರು ಓದ್ತಾರೆ ಹೇಳು. ಜೆರಾಕ್ಸ್ ಅಂಗಡಿ ಹುಡುಗಿ ಬರ್ದಿದ್ದು ಅಂದ್ರೆ ಅಯ್ಯೋ ಪಾಪ ಅಂತಾರೆ, ಅಷ್ಟೇ. ನನ್ನ ಹೆಸರಲ್ಲಿ ಬಂದ್ರೆ ದೇಶ ಪೂರ್ತಿ ಓದತ್ತೆ. ಬರ್ದಿದ್ದು ಓದ್ಲಿ ಅಂತಾನೇ ಅಲ್ವಾ ಬರೆಯೋದು?" ಎಂದಿರಿ. ನಿಮ್ಮ ಆಫೀಸಿನಲ್ಲಿ ಬರವಣಿಗೆಯ ಕೆಲಸ, ತಣ್ಣನೆಯ ಕೋಣೆ, ತಿರುಗುವ ಕುರ್ಚಿ, ಎಲ್ಲ ಹೇಳಿದಿರಿ. ಕುರ್ಚಿಯ ಮಾತಿಗೆ ನನ್ನ ಮನಸ್ಸು ಸ್ವಲ್ಪ ತಿರುಗಿತು, ಸುಳ್ಳು ಹೇಳುವುದಿಲ್ಲ. ಎಂಟು ಗಂಟೆ ನಿಂತೇ ಕೆಲಸ ಮಾಡುವವಳ ಕಾಲಿಗೆ ಕುರ್ಚಿ ಎಂದರೆ ಏನೆಂದು ನಿಮಗೆ ಗೊತ್ತಾಗದು.

ಪುಟಗಳು ಇಲ್ಲೇ ಯಾರೋ ಟೈಪು ಮಾಡಿದವು ಎಂದು ಊಹಿಸಿ ಮೊದಲೇ ಬರೆಸಿ ತಂದಿದ್ದ ಒಪ್ಪಂದವನ್ನು ನನ್ನ ಮುಂದಿಟ್ಟು ಎದ್ದಿರಿ. ಹೊಸಿಲು ದಾಟುವಾಗ ಪಾಕ್ ಕಸ್ಮಿನ್ ಅವರತ್ತ ತಿರುಗಿ, "ಅಂಗ್ಡೀಲಿ ನಡೆಯೋದೆಲ್ಲ ಕಾನೂನು ಪ್ರಕಾರಾನೇ ತಾನೆ, ಪಾಕ್? ಯಾರಾದ್ರೂ ಬಂದು ನೋಡಿದ್ರೆ ತೊಂದ್ರೆ ಇಲ್ಲ ತಾನೆ?" ಎಂದು ನಕ್ಕಿರಿ. ಈ ಅಂಗಡಿಯಲ್ಲಿ ಮಾಡಿಸಿದ ಮೂವತ್ತು ಪ್ರತಿಗಳನ್ನು ಹಂಚಿದವರ ಬಾಯಿ ಅದು.

ನೀವು ಹೋದ ಮೇಲೆ ಪಾಕ್ ಕಸ್ಮಿನ್ ಒಪ್ಪಂದವನ್ನು ಎತ್ತಿಕೊಂಡು ಕೊನೆಯ ಹಾಳೆ ತೆರೆದರು. ನನ್ನಿಂದ ಅವರ ಅಂಗಡಿಗೆ ಕುತ್ತು ಬಂತಲ್ಲ ಎಂದು ನನಗೆ ಅಳು ಬಂತು. ಸಹಿ ಮಾಡುತ್ತೇನೆ ಪಾಕ್ ಎಂದೆ. ಅವರು ಮುದ್ರಾಂಕವನ್ನು ಉಗುರಿನಲ್ಲಿ ಕೆರೆಯುತ್ತ, "ನಾವು ಕಳ್ರೇ ಕಣಮ್ಮ, ಇಲ್ಲ ಅನ್ನಲ್ಲ. ಹುಡುಗ್ರ ಹತ್ರ ಪುಸ್ತಕಕ್ಕೆ ದುಡ್ಡಿರಲ್ಲ, ಮಾಡ್ಕೊಡ್ತೀನಿ. ಆದ್ರೆ ಇಪ್ಪತ್ತಾರು ವರ್ಷದಲ್ಲಿ ಮುಖಪುಟ ಬಿಟ್ಟು ಒಂದು ಪುಸ್ತಕಾನೂ ಮಾಡಿಲ್ಲ ನಾನು. ಗಾಜಿನ ಮೇಲೆ ಮೊದ್ಲು ಬೀಳೋದೇ ಬರ್ದೋರ ಹೆಸ್ರು. ಅದನ್ನ ಅಳಿಸೋ ಕೆಲ್ಸ ಈ ಅಂಗ್ಡೀಲಿ ಆಗಲ್ಲ. ಬೇಕಾದ್ರೆ ಬಾಗ್ಲು ಮುಚ್ತೀನಿ, ಬೇಕಿದ್ರೆ ಬೀದೀಲಿ ಸೋಯಾ ಟೆಂಪೆ ಎಣ್ಣೇಲಿ ಕರ್ದು ಮಾರ್ತೀನಿ" ಎಂದರು. ಆಮೇಲೆ, "ನನ್ನ ಕರಿದ ಟೆಂಪೆ ನೀನು ತಿಂದಿಲ್ಲ ಅಲ್ವಾ? ಕಾನೂನಿಗಿಂತ ಅದು ಅಪಾಯ" ಎಂದು ತಾವೇ ನಕ್ಕರು.

ಹೌದು, ನಾವು ಬೇರೆಯವರ ಪುಸ್ತಕಗಳನ್ನು ಕೇಳದೆ ನಕಲು ಮಾಡುತ್ತೇವೆ. ಅದಕ್ಕೆ ನೀವು ದೂರು ಕೊಡಬಹುದು, ಕೊಡಿ. ನಮ್ಮಲ್ಲಿಗೆ ಬಂದ ಯಾವ ಪುಸ್ತಕವೂ ತನ್ನ ಹೆಸರು ಕಳೆದುಕೊಂಡು ಹೊರಗೆ ಹೋಗಿಲ್ಲ. ಒಂದು ಮಾತ್ರ ಹೋಯಿತು. ಅದು ನನ್ನ ತಪ್ಪಿನಿಂದ, ಹತ್ತು ಪುಟದ್ದು. ಅದನ್ನು ಸರಿ ಮಾಡುತ್ತಿದ್ದೇನೆ.

ಸೋಮವಾರ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮರುದಿನದ ಅರಿಶಿನ ಜಜ್ಜುತ್ತಿದ್ದಳು, ಮೊಣಕೈವರೆಗೆ ಹಳದಿ. ತನ್ನ ಬಗ್ಗೆ ನಾನು ಬರೆದಿದ್ದೇನೆಂದು ಅವಳಿಗೆ ಗೊತ್ತಾದದ್ದೂ ಆವತ್ತೇ. ಹನ್ನೊಂದು ಹಾಳೆಯನ್ನೂ ಓದಿ ಹೇಳಿದೆ. ಹತ್ತು ಮುಗಿಯುವವರೆಗೆ ಜಜ್ಜುತ್ತಲೇ ಇದ್ದಳು. ನಡುವೆ, "ನಾನೆಲ್ಲೇ ಅಷ್ಟು ದಪ್ಪ ಇದೀನಿ" ಎಂದಳು. ಹನ್ನೊಂದನೆಯದಕ್ಕೆ ಕೈ ನಿಂತಿತು. ಅದಾದ ಮೇಲೆ ನಿಮ್ಮ ಒಪ್ಪಂದವನ್ನೂ ಓದಿದೆ. "ಅಂದ್ರೆ ನಮ್ಮ ಓಣೀಲಿ ನಡ್ಯೋದು ನಾನಲ್ಲ, ಅವ್ನು ಅಂತಾನಾ" ಎಂದಳು. ಹಾಗೇ ಅಮ್ಮ ಎಂದೆ. "ನಾಳೆಯಿಂದ ಬುಟ್ಟೀನೂ ಅವ್ನೇ ಹೊತ್ಕೊಳ್ಲಿ ಹಂಗಾದ್ರೆ. ನನಗೂ ಸೊಂಟ ನೋವು." ಸ್ವಲ್ಪ ಹೊತ್ತಿಗೆ ದನಿ ಬದಲಾಯಿತು. "ಸಹಿ ಗಿಹಿ ಮಾಡ್ಬೇಡ. ಉತ್ತರ ಬರಿ. ಚೆನ್ನಾಗೇ ಬರಿ, ಕಹಿ ಕಮ್ಮಿ ಮಾಡ್ಬೇಡ. ಆದ್ರೆ ಬಾಯಿ ಕಹಿ ಮಾಡಿ ಹಂಗೇ ಬಿಟ್ಟು ಬರ್ಬೇಡ ಕಣೆ. ಆ ಕೊನೇ ಹಾಳೇನೂ ಕೊಡು ಅವ್ನಿಗೆ."

ನನಗೆ ಇಷ್ಟವಿರಲಿಲ್ಲ. ಇವತ್ತಿಗೂ ಇಲ್ಲ. ಅದು ನನ್ನಲ್ಲಿ ಉಳಿದಿರುವ ಸಾಕ್ಷಿ, ಅದನ್ನು ಓದುವ ಯೋಗ್ಯತೆ ನಿಮ್ಮ ಪಟ್ಟಿಯ ಹನ್ನೆರಡರಲ್ಲಿ ಯಾವುದೂ ನಿಮಗೆ ಕೊಟ್ಟಿಲ್ಲ. ಆದರೂ ಅಮ್ಮನ ಮಾತಿಗೆ ಇಲ್ಲ ಎನ್ನಲಾರೆ. ಮೂಲ ನನ್ನಲ್ಲೇ ಇರುತ್ತದೆ. ಅದರಲ್ಲಿದ್ದುದನ್ನು ಇಲ್ಲಿ ಬರೆಯುತ್ತೇನೆ.

ಸೇತುವೆ ಇಳಿದ ಕೂಡಲೇ ಹಸಿರು ಬಾಗಿಲಿನ ಮನೆ. ಅಲ್ಲಿ ಒಬ್ಬ ಮುದುಕಿ ಇದ್ದಳು. ಒಂಬತ್ತು ವರ್ಷ ಆ ಹೆಂಗಸಿನ ಕೈಯಿಂದ ದಿನವೂ ನೆಲಬೇವಿನ ಕಹಿ ಕುಡಿದಳು, ದಿನವೂ ಬೈದಳು. ಸಿಹಿ ಕೊಟ್ಟ ಮೇಲೆ ಬೈಗುಳ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಮುದುಕಿ ಕಹಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಎದುರು ಮನೆಯವರು ಕರೆದರು. ಮಗುವಿಗೆ ಜ್ವರ ಎಂದರು. ಹೆಂಗಸು 'ಈಗ ಬಂದೆ ಅಜ್ಜಿ' ಎಂದು ಹೋದಳು. ಅಲ್ಲಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ವಾಪಸು ಬರುವುದು ಮರೆತುಹೋಯಿತು. ಮರುದಿನ ಬಂದಾಗ ಹಸಿರು ಬಾಗಿಲಿನ ಮುಂದೆ ಹತ್ತಾರು ಜೊತೆ ಚಪ್ಪಲಿಗಳಿದ್ದವು. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಅಂದಿನಿಂದ ಅವಳು ಯಾವ ಬಾಗಿಲಲ್ಲೂ ಸಿಹಿ ಮುಗಿಯುವವರೆಗೆ ಕದಲುವುದಿಲ್ಲ. ಹಸಿರು ಬಾಗಿಲಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಜಾಮು ಕುಡಿಯುವುದಿಲ್ಲ. ಆದರೂ ದಿನವೂ ಅಲ್ಲಿ ಬುಟ್ಟಿ ಇಳಿಸುತ್ತಾಳೆ, ಅರ್ಧ ಲೋಟ ಸಿಹಿ ಬಗ್ಗಿಸಿ ಹೊಸಿಲ ಪಕ್ಕದ ದಾಸವಾಳದ ಬುಡಕ್ಕೆ ಹಾಕುತ್ತಾಳೆ, ಬುಟ್ಟಿ ಎತ್ತಿಕೊಂಡು ಮುಂದೆ ಹೋಗುತ್ತಾಳೆ.

ಇಷ್ಟೇ. ನಿಮ್ಮ ಸೂತ್ರದ ಹಿಂದೆ ಇದ್ದದ್ದು ಇದು. ಗಿರಾಕಿ ಹೋಗದ ಹಾಗೆ ಹಿಡಿದಿಡುವ ಉಪಾಯ ಅಲ್ಲಿ ಇರಲಿಲ್ಲ. ಗಿರಾಕಿ ಹೋಗಿಬಿಟ್ಟಿದ್ದಳು.

ಇದನ್ನು ನಿಮ್ಮ ಪುಸ್ತಕದಲ್ಲಿ ಹಾಕುವಂತಿಲ್ಲ. ಹತ್ತು ಪುಟಗಳನ್ನೂ ಹಾಕುವಂತಿಲ್ಲ. ನಿನ್ನೆ ನಾನು ಮತ್ತು ಪಾಕ್ ಕಸ್ಮಿನ್ ಕೂತು ಹನ್ನೊಂದು ಪುಟಗಳ ನಲವತ್ತು ಪ್ರತಿ ಮಾಡಿದ್ದೇವೆ. ನೀಲಿ ಟೇಪು, ಬೂದು ರಟ್ಟು. ಮೊದಲು ಗಾಜಿನ ಮೇಲೆ ಬಿದ್ದದ್ದು ಮುಖಪುಟ. ಅದರ ಮೇಲೆ ಅಮ್ಮನ ಹೆಸರು ದೊಡ್ಡದಾಗಿ ಇದೆ, ಸುಕಾರ್ತಿ ಎಂದು. ಕೆಳಗೆ ಬರೆದವಳ ಹೆಸರು ಸಣ್ಣದಾಗಿ ಇದೆ. ಈ ಸಲ ಪ್ರತಿ ಪುಟಕ್ಕೂ ಅಂಕಿ ಹಾಕಿದ್ದೇನೆ. ಅಸಲಿ ಪುಸ್ತಕದಲ್ಲಿ ಆ ಅಧ್ಯಾಯ ಸಿಗದೆ ಕೇಳಿಕೊಂಡು ಬಂದವರಿಗೆ ಇನ್ನು ಇದನ್ನು ಕೊಡುತ್ತೇವೆ. ರತಿಹ್ ಮೊದಲನೆಯದನ್ನು ಒಯ್ದಳು. ಎರಡನೆಯದು ನಿಮ್ಮ ಪ್ರಕಾಶಕರಿಗೆ ಇವತ್ತು ಅಂಚೆಯಲ್ಲಿ ಹೋಯಿತು. ಮೂರನೆಯದು ಈ ಲಕೋಟೆಯಲ್ಲಿದೆ. ಭಾನುವಾರ ಆ ಹನ್ನೆರಡರ ಮೇಲೆ ಇಡಿ, ಇಡದಿದ್ದರೂ ಸರಿ.

ಕುರ್ಚಿ ಬೇಡ. ನೀವು ತರಿಸಿದ ಚಹಾ ತಣ್ಣಗಾಗಿ ಹೋಯಿತು, ಅದನ್ನೂ ನಾನು ಕುಡಿಯಲಿಲ್ಲ.

ನಿಮ್ಮ ಒಪ್ಪಂದ ಏಳು ಹಾಳೆ. ಒಂದೇ ಮಗ್ಗುಲಿಗೆ ಅಚ್ಚಾಗಿತ್ತು. ಹಿಂಬದಿ ಖಾಲಿ ಇರುವ ಹಾಳೆಯನ್ನು ನಮ್ಮ ಅಂಗಡಿಯಲ್ಲಿ ಹಾಳು ಮಾಡುವುದಿಲ್ಲ ಎಂದು ಹೇಳಿದೆನಲ್ಲ. ಈ ಪತ್ರ ಬರೆಯಲು ಏಳೂ ಬೇಕಾದವು. ನೀವು ಸಹಿ ಕೇಳಿದ್ದಿರಿ. ಏಳನೆಯ ಹಾಳೆಯ ಈ ಬದಿಯಲ್ಲಿ ಹಾಕಿದ್ದೇನೆ. ಬೆಳಕಿಗೆ ಹಿಡಿದು ನೋಡಿ, ಸರಿಯಾಗಿ ನಿಮ್ಮ ಮುದ್ರಾಂಕದ ಬೆನ್ನಿಗೇ ಬಂದಿದೆ.

ನಿಮ್ಮ ಹೊಟ್ಟೆ ಸರಿಹೋಗಲಿ. ಅಮ್ಮ ಏಳು ಗಂಟೆಗೆ ಹಾಸ್ಟೆಲಿನ ಹಿಂದಿನ ಆ ಓಣಿಯಲ್ಲಿ ಹಾಯುತ್ತಾಳೆ. ಬಾಗಿಲು ತೆರೆದರೆ ಕೊಡುತ್ತಾಳೆ, ಹಾರನ್ ಬಾರಿಸಿದವರೆಂದು ನೋಡುವುದಿಲ್ಲ. ಮುಗಿಯುವವರೆಗೂ ನಿಲ್ಲುತ್ತಾಳೆ.

ಹನ್ನೊಂದೂ ಪುಟ ಬರೆದವಳು,
ಜುಮಿಯಾತಿ